ಅಗಾಫಿಯಾ ಇಳಿಯಲಿಲ್ಲ

ಅಗಾಫಿಯಾ ರೈಲು ಹತ್ತಿದ್ದೇ ಕೆಂಪು ಹೂವಿನ ತಲೆವಸ್ತ್ರ ಕಟ್ಟಿಕೊಂಡು. ಎಪ್ಪತ್ತು ದಾಟಿದ ವಿಧವೆ. ನಮ್ಮ ಮಾಲ್ದೋವಾದ ಹಳ್ಳಿಗಳಲ್ಲಿ ಗಂಡ ಸತ್ತವಳು ಕಪ್ಪು ಬಟ್ಟೆ ಬಿಟ್ಟರೆ ಬಾವಿಕಟ್ಟೆಯಿಂದ ಚರ್ಚಿನವರೆಗೂ ಅದೇ ಮಾತು. ರಾಜಧಾನಿ ಕಿಶಿನಾವ್ ನಿಲ್ದಾಣದಲ್ಲಿ ನಮ್ಮ ಬೋಗಿಯ ಬಾಗಿಲಲ್ಲಿ ನಿಂತಿದ್ದ ಉಸ್ತುವಾರಿ ತಮಾರಾ ಟಿಕೆಟ್ಟಿಗಿಂತ ಮೊದಲು ಆ ತಲೆವಸ್ತ್ರವನ್ನೇ ನೋಡಿದಳು.

“ಏನಜ್ಜಿ, ಯಾರದ್ದೋ ಮದುವೆಗೆ ಹೊರಟ ಹಾಗಿದೆ?”

“ಹೂಂ. ನಂದೇ.”

ತಮಾರಾ ನಕ್ಕಳು. ಅಗಾಫಿಯಾ ನಗಲಿಲ್ಲ. ಚೀಲವನ್ನು ತಾನೇ ಎತ್ತಿಕೊಂಡು ಒಳಗೆ ಬಂದು ನನ್ನೆದುರಿನ ಕೆಳಗಿನ ಬರ್ತಿನಲ್ಲಿ ಕೂತಳು.

ಈ ರೈಲು ನನಗೆ ಹೊಸದಲ್ಲ. ಬುಕಾರೆಸ್ಟಿನ ಒಂದು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ನನಗೆ ಕೆಲಸ. ಊರಿಗೆ ಬಂದು ಹೋಗುವಾಗೆಲ್ಲ ಇದರಲ್ಲೇ ಪ್ರಯಾಣ. ಸಂಜೆ ಹೊರಟು, ಕತ್ತಲಾಗುವ ಹೊತ್ತಿಗೆ ಗಡಿಯ ಉಂಗೇನಿ ಮುಟ್ಟಿ, ಪ್ರೂತ್ ನದಿ ದಾಟಿ, ಬೆಳಗಾಗುವುದರೊಳಗೆ ರುಮೇನಿಯಾದ ರಾಜಧಾನಿಯಲ್ಲಿ ಇಳಿಸುತ್ತದೆ. ಮೇಲಿನ ಬರ್ತಿನಲ್ಲಿ ಸಿಮಿಯೋನ್ ಎಂಬ ದಪ್ಪ ಮನುಷ್ಯನೊಬ್ಬ ಇದ್ದ. ಚರ್ಚಿನ ಮೇಳದಲ್ಲಿ ಹಾಡುವವನು. ಮಾತಾಡಿದರೂ ಬೋಗಿಯ ಗಾಜು ಅದುರುವಂಥ ಗಂಟಲು.

ರೈಲು ಊರು ಬಿಟ್ಟು ದ್ರಾಕ್ಷಿ ತೋಟಗಳ ನಡುವೆ ಸಾಗತೊಡಗಿದಾಗ ಅಗಾಫಿಯಾ ಚೀಲ ಬಿಚ್ಚಿ ಗಿಣ್ಣು ತುಂಬಿ ಸುಟ್ಟ ಪ್ಲಚಿಂತೆ ರೊಟ್ಟಿಗಳನ್ನು ಹೊರಗೆ ತೆಗೆದಳು. ನಮಗೆ ಕೊಡುತ್ತಲೇ ಕತೆ ಹೇಳಿದಳು. ಗಂಡಿನ ಹೆಸರು ಟ್ರಾಯಾನ್. ಬುಕಾರೆಸ್ಟಿನಲ್ಲಿ ಟ್ರಾಮ್ ಓಡಿಸಿ ನಿವೃತ್ತನಾದವನು. ಯುದ್ಧಕಾಲದಲ್ಲಿ ತಾಯಿಯ ಸೊಂಟದ ಮೇಲೆ ಕೂತು ಪ್ರೂತ್ ದಾಟಿ ಹೋದ ಕೂಸು, ಮುದುಕನಾದ ಮೇಲೆ ಅಜ್ಜನ ಸಮಾಧಿ ಹುಡುಕಿಕೊಂಡು ಅವಳ ಹಳ್ಳಿಗೆ ಬಂದಿದ್ದ. ಅದು ಈಸ್ಟರ್ ಕಳೆದು, ಸತ್ತವರ ಸಮಾಧಿಗಳ ಪಕ್ಕ ಬುತ್ತಿ ಬಿಚ್ಚಿ ಉಣ್ಣುವ ದಿನ. ಎಲ್ಲರೂ ತಮ್ಮ ತಮ್ಮವರ ಜತೆ ಕೂತಿದ್ದಾಗ ಈತ ಒಬ್ಬನೇ ಕಲ್ಲುಗಳ ಮೇಲಿನ ಹೆಸರು ಓದುತ್ತ ತಿರುಗುತ್ತಿದ್ದ. ಅಗಾಫಿಯಾ ಕರೆದು ಒಂದು ಲೋಟ ವೈನ್ ಕೊಟ್ಟಳು. ಮಾರನೇ ವರ್ಷವೂ ಬಂದ. ಮಗನ ಮನೆಯಲ್ಲಿದ್ದ ಅವಳಿಗೆ ಆಮೇಲೆ ದಿನಾ ಸಂಜೆ ಅವನ ಫೋನು.

“ಮಗ ಏನಂದ?” ಎಂದು ಕೇಳಿದೆ.

“ಕೇಳಿದ್ರೆ ತಾನೇ ಅನ್ನೋದು? ನಾನು ಕೇಳ್ಲಿಲ್ಲ. ಮಧ್ಯಾಹ್ನ ಅವನು ಅಂಗಡೀಲಿದ್ದ, ಸೊಸೆ ಮನೆಗೆ ಬಂದ್ಲು, ನಾನು ಬಸ್ ಹತ್ತಿದೆ. ಮೇಜಿನ ಮೇಲೆ ಚೀಟಿ ಇಟ್ಟಿದೀನಿ.”

ಅಷ್ಟರಲ್ಲೇ ಫೋನು ಹೊಡೆದುಕೊಂಡಿತು. ಮಗನದೇ ಎಂದು ಅವಳು ಅದರ ಬಾಯಿ ಮುಚ್ಚಿಸಿದಳು. ಮತ್ತೆ ಬಂತು. ಕೊನೆಗೆ ಒಂದು ಸಂದೇಶ. ಕನ್ನಡಕ ಸಿಗದೆ ನನ್ನ ಕೈಗೆ ಕೊಟ್ಟಳು. ಓದಿದೆ: ‘ಕಾರಲ್ಲಿ ಬರ್ತಿದೀನಿ. ಉಂಗೇನಿಯಲ್ಲಿ ಇಳಿಸ್ತೀನಿ.’

“ಅಯ್ಯೋ ದೊಡ್ಡಮ್ಮ,” ಎಂದೆ.

“ಬರ್ಲಿ ಬಿಡು. ಹುಡುಗನಾಗಿದ್ದಾಗ್ಲೂ ಹಿಂಗೇ. ಇವನಿಗಿಂತ ಮುಂಚೆ ಯಾರೂ ಬಾಗಿಲು ದಾಟೋ ಹಾಗಿರ್ಲಿಲ್ಲ.” ಹಾಗೆ ಅಂದರೂ ಕೈಯಲ್ಲಿದ್ದ ಪ್ಲಚಿಂತೆಯನ್ನು ತಿನ್ನದೆ ಕಾಗದದಲ್ಲಿ ಸುತ್ತಿಟ್ಟಳು.

ಉಂಗೇನಿಯಲ್ಲಿ ರೈಲಿಗೆ ಅವಸರವಿಲ್ಲ. ನಮ್ಮ ಕಡೆಯ ಹಳಿ ಅಗಲ, ನದಿಯಾಚೆಯದು ಕಿರಿದು. ಅದಕ್ಕೇ ಬೋಗಿಗಳನ್ನು ಒಂದು ಉದ್ದನೆಯ ಶೆಡ್ಡಿಗೆ ತಳ್ಳಿ, ಒಂದೊಂದನ್ನೂ ಬಿಡಿಸಿ, ಜಾಕಿಗಳ ಮೇಲೆ ಎತ್ತಿ ನಿಲ್ಲಿಸುತ್ತಾರೆ. ಹಳೆಯ ಗಾಲಿಗಳನ್ನು ಹೊರಗೆ ಉರುಳಿಸಿ ಬೇರೆಯವನ್ನು ಕೂರಿಸುತ್ತಾರೆ. ಪ್ರಯಾಣಿಕರು ಒಳಗೇ ಇರಬೇಕು. ತಮಾರಾ ಬಾಗಿಲುಗಳಿಗೆ ಬೀಗ ಹಾಕಿದಳು. ಬೋಗಿ ಒಮ್ಮೆ ನರಳಿ ಮೆಲ್ಲಗೆ ಮೇಲೆದ್ದಿತು.

ಆಗ ಕೆಳಗಿನಿಂದ ಕೂಗು ಕೇಳಿತು. “ಅಮ್ಮಾ! ಎಲ್ಲಿದೀಯಾ? ಅಮ್ಮಾ!”

ಎಣ್ಣೆ ಮೆತ್ತಿದ ಕೆಲಸಗಾರರ ನಡುವೆ ಚರ್ಮದ ಜಾಕೆಟ್ಟಿನ ಗಂಡಸೊಬ್ಬ ಕಿಟಕಿ ಕಿಟಕಿಗೂ ಕತ್ತೆತ್ತಿ ನೋಡುತ್ತ ಬರುತ್ತಿದ್ದ. ಮಗ ವಿಟಾಲಿಯೆ. ಶೆಡ್ಡಿನ ಕಾವಲಿನವನು ಅವನ ಜತೆ ಸೈನ್ಯದಲ್ಲಿದ್ದವನಂತೆ, ಒಳಗೆ ಬಿಟ್ಟಿದ್ದ. ಅಗಾಫಿಯಾ ಅಡಗಿ ಕೂರಬಹುದಿತ್ತು. ಬದಲಿಗೆ ಎದ್ದು ಕಿಟಕಿಯ ಗಾಜನ್ನು ಕೆಳಗಿಳಿಸಿ ತಲೆ ಹೊರಗೆ ಹಾಕಿದಳು.

“ಯಾಕೋ ಅರಚ್ತೀಯಾ? ಇಲ್ಲಿದೀನಿ.”

“ಇಳಿ ಕೆಳಗೆ!”

“ಹೆಂಗೋ ಇಳೀಲಿ? ಕಾಣಲ್ವಾ, ನನ್ನ ಗಾಳೀಲಿ ನಿಲ್ಸಿದಾರೆ.”

“ತಮಾಷೆ ಸಾಕು. ಊರಲ್ಲಿ ಮುಖ ತೋರ್ಸೋ ಹಾಗಿಲ್ಲ ನಾನು.”

“ತೋರಿಸ್ಬೇಡ. ಅಂಥ ಚೆಂದದ ಮುಖ ಏನಲ್ಲ. ನಿಮ್ಮಪ್ಪಂದೇ ಅದು.”

ಪಕ್ಕದ ಕಿಟಕಿಗಳೆಲ್ಲ ತೆರೆದುಕೊಂಡವು. ಯಾರೋ ಕಿಸಕ್ಕೆಂದರು. ವಿಟಾಲಿಯೆಯ ಕಿವಿ ಕೆಂಪಾಯಿತು.

“ಮಕ್ಕಳನ್ನ ಯಾರು ನೋಡ್ಕೋತಾರೆ? ಹಸು ಹಾಲು ಯಾರು ಕರೀತಾರೆ?”

“ಮಕ್ಕಳಿಗೆ ಅಪ್ಪ ಒಬ್ಬ ಇದಾನೆ ಅಂತ ಕೇಳಿದ್ದೆ. ಹಸುನ ನಿಮ್ಮತ್ತೆ ಮನೆಗೆ ಹೊಡ್ಕೊಂಡು ಹೋಗಿ ಕಟ್ಟಿ ಬಂದಿದೀನಿ.”

“ಅವ್ರಿಗೆ ಹಾಲು ಕರಿಯೋಕೇ ಬರಲ್ಲ!”

“ಕಲೀಲಿ. ನನಗಿಂತ ಚಿಕ್ಕೋಳು.”

ಈಗ ಕೆಲಸಗಾರರೂ ನಕ್ಕರು. ಒಬ್ಬ ಸುತ್ತಿಗೆ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತೇಬಿಟ್ಟ. “ಗಾಲಿ ನೋಡ್ರೋ, ಅಜ್ಜಿನ ಆಮೇಲೆ ನೋಡಿ!” ಎಂದು ಅವರ ಮೇಸ್ತ್ರಿ ಬೈದ.

ವಿಟಾಲಿಯೆ ದನಿ ತಗ್ಗಿಸಿದ. ನಗುವಿನ ನಡುವೆ ಕೇಳಿಸದಿದ್ದ ನೋವು ಆಗ ಅವನ ದನಿಯಲ್ಲಿ ಕೇಳಿಸಿತು. “ಅಮ್ಮಾ, ಈ ವಯಸ್ಸಲ್ಲಿ ನಿಂಗೆ ಗಂಡ ಯಾಕಮ್ಮ?”

ನಾನೂ ಅದನ್ನೇ ಮನಸ್ಸಿನಲ್ಲಿ ಕೇಳಿಕೊಂಡಿದ್ದೆನೇನೋ, ಅವಳ ಮುಖವನ್ನೇ ನೋಡಿದೆ.

“ನಿಮ್ಮಪ್ಪ ಹೋದ ಮೇಲೆ,” ಎಂದಳು ಅಗಾಫಿಯಾ, “ಅಮ್ಮ ಇವತ್ತು ಏನು ತಿಂದೆ ಅಂತ ಒಂದಿನ ಕೇಳಿದೀಯೇನೋ? ಆತ ದಿನಾ ಸಂಜೆ ಕೇಳ್ತಾನೆ. ಸಾರು ಮಾಡಿದ್ದೆ ಅಂದ್ರೆ ಹುಳಿ ಹಾಕಿದ್ಯಾ ಅಂತಾನೆ. ಹಾಕಿದ್ದೆ ಅಂದ್ರೆ, ನಂಗೂ ಇದ್ದಿದ್ರೆ ಅಂತಾನೆ. ಅದಕ್ಕೇ ಹೋಗ್ತಿದೀನಿ. ನಿನ್ನ ಕೇಳೋಕಲ್ಲ, ಹೇಳೋಕೆ ನಿಂತಿದೀನಿ.”

“ಅವನು ಮೋಸಗಾರ!”

“ಮೋಸ ಮಾಡೋಕೆ ನನ್ನ ಹತ್ರ ಏನಿದೆ? ಮಂಡಿನೋವಾ? ತಗೊಂಡ್ರೆ ತಗೊಳ್ಲಿ!”

ಅಲ್ಲಿಗೆ ಮೇಲಿನ ಬರ್ತಿನ ಸಿಮಿಯೋನನಿಗೆ ತಡೆಯಲಾಗಲಿಲ್ಲ. ನಮ್ಮ ಮದುವೆಗಳಲ್ಲಿ ಹೆಣ್ಣನ್ನು ಮನೆಯಿಂದ ಹೊರಡಿಸುವಾಗ ಹಾಡುವ ಹಾಡೊಂದಿದೆ. ಮಲಗಿದ್ದಲ್ಲಿಂದಲೇ ಅದನ್ನು ಎತ್ತಿಕೊಂಡ. ಆ ಗಂಟಲಿಗೆ ಶೆಡ್ಡಿನ ತಗಡೆಲ್ಲ ದನಿಗೂಡಿಸಿತು. ಎರಡನೆಯ ಸಾಲಿಗೆ ಆಚೆ ಕೋಣೆಯ ಹೆಂಗಸರು ಸೇರಿದರು. ಮೂರನೆಯದಕ್ಕೆ ಕಾರಿಡಾರಿನಲ್ಲಿ ನಿಂತಿದ್ದ ತಮಾರಾ ಚಹಾದ ಲೋಟಕ್ಕೆ ಚಮಚ ಬಡಿಯತೊಡಗಿದಳು. ಗಾಲಿಯಿಲ್ಲದ ಬೋಗಿ ನೆಲ ಬಿಟ್ಟು ನಿಂತು ಹಾಡುತ್ತಿತ್ತು. ಕೆಳಗೆ ವಿಟಾಲಿಯೆ ಏನೋ ಕೂಗಿದ. ಬಾಯಿ ಆಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಅವನು ತಿರುಗಿ ದಡದಡನೆ ಹೊರಟುಹೋದ.

“ಸೋತ!” ಎಂದ ಸಿಮಿಯೋನ್.

“ಇಲ್ಲ,” ಎಂದಳು ಅಗಾಫಿಯಾ. “ಅವನು ನನ್ನ ಮಗ. ಅಷ್ಟು ಬೇಗ ಸೋಲಲ್ಲ.”

ಅವಳೆಂದಂತೆಯೇ ಆಯಿತು. ಬೋಗಿ ಕೆಳಗಿಳಿದು, ರೈಲು ಕೂಡಿಕೊಂಡು, ತಪಾಸಣೆಗೆಂದು ಪ್ಲಾಟ್‌ಫಾರ್ಮಿಗೆ ಬಂದು ನಿಂತಾಗ ಗಡಿಯ ಅಧಿಕಾರಿ ನೇರವಾಗಿ ನಮ್ಮ ಕೋಣೆಗೇ ಬಂದಳು. ಜಡೆ ಬಿಗಿದು ಕಟ್ಟಿದ ಚಿಕ್ಕ ವಯಸ್ಸಿನ ಹೆಣ್ಣು. ಅವಳ ಬೆನ್ನ ಹಿಂದೆ ವಿಟಾಲಿಯೆ.

“ಅಜ್ಜಿ, ನಿಮ್ಮ ಮಗ ಒಂದು ದೂರು ಹೇಳ್ತಿದಾರೆ. ನಿಮಗೆ ತಲೆ ಸರಿಯಿಲ್ಲ, ಯಾರೋ ನಿಮ್ಮನ್ನ ಪುಸಲಾಯಿಸಿ ಕರೆಸ್ಕೊಳ್ತಿದಾರೆ ಅಂತ. ಸ್ವಲ್ಪ ಕೆಳಗೆ ಬನ್ನಿ, ಆಫೀಸಲ್ಲಿ ಕೂತು ಮಾತಾಡೋಣ.”

“ನಾನು ಕೆಳಗೆ ಬಂದ್ರೆ ರೈಲು ಹೋಗುತ್ತೆ ಮಗಳೆ. ಅದು ನಿಂಗೂ ಗೊತ್ತು, ಅವನಿಗೂ ಗೊತ್ತು. ಏನು ಕೇಳ್ಬೇಕೋ ಇಲ್ಲೇ ಕೇಳು.” ಅಷ್ಟು ಹೇಳಿ ಅಗಾಫಿಯಾ ಚಪ್ಪಲಿ ಕಳಚಿ ಬರ್ತಿನ ಮೇಲೆ ಕಾಲು ಮಡಚಿ ಕೂತಳು.

ಅಧಿಕಾರಿ ಇವತ್ತು ಯಾವ ವಾರ ಎಂದು ಕೇಳಿದಳು. ಅಗಾಫಿಯಾ ಹೇಳಿದಳು. ಹುಟ್ಟಿದ ವರ್ಷ ಕೇಳಿದಳು. ಹೇಳಿದಳು.

“ದೇಶದ ಪ್ರಧಾನಿ ಯಾರು?”

“ಹೋದ ವಾರ ಯಾರಿದ್ರೋ ಗೊತ್ತು. ಈ ವಾರದ್ದು ನೀನೇ ಹೇಳು.”

ಅಧಿಕಾರಿಯ ತುಟಿ ಕೊಂಕಿತು. ತಕ್ಷಣ ಬಿಗಿ ಮಾಡಿಕೊಂಡಳು. ಅಗಾಫಿಯಾ ಅವಳನ್ನು ದಾಟಿ ಹಿಂದೆ ನೋಡಿದಳು.

“ವಿಟಾಲಿಯೆ, ಮುಂದೆ ಬಾ. ಆ ಹುಡುಗಿ ಬೆನ್ನ ಹಿಂದೆ ನಿಂತ್ಕೊಂಡು ಹೇಳ್ಬೇಡ. ನನ್ನ ಮುಖ ನೋಡ್ಕೊಂಡು ಹೇಳು. ನಿಮ್ಮಮ್ಮಂಗೆ ತಲೆ ಕೆಟ್ಟಿದೆಯಾ?”

ಅವನು ಹೇಳಲಾರ ಎಂದುಕೊಂಡೆ. ಹೆತ್ತವಳ ಎದುರು ಯಾರ ನಾಲಿಗೆ ಹೊರಳುತ್ತದೆ?

“ಹೌದು,” ಎಂದ. “ಕೆಟ್ಟಿದೆ.”

ಅಗಾಫಿಯಾ ತಲೆವಸ್ತ್ರದ ಗಂಟನ್ನು ಬಿಗಿ ಮಾಡಿಕೊಂಡಳು. ಸಿಮಿಯೋನ್ ಮೇಲಿನಿಂದ ಇಳಿದು ನಿಂತಿದ್ದ, ಏನೋ ಹೇಳಲು ಬಾಯಿ ತೆರೆದ. ನಾನು ಅವನ ತೋಳು ಹಿಡಿದೆ.

“ಸರಿ,” ಎಂದಳು ಅಗಾಫಿಯಾ. “ಹುಚ್ಚಿ ಅಂತ್ಲೇ ಇಟ್ಕೋ. ಇವತ್ತು ಬೆಳಿಗ್ಗೆ ನಿನ್ನ ಮೂರು ಮಕ್ಕಳನ್ನ ಯಾರ ಕೈಗೆ ಕೊಟ್ಟು ಅಂಗಡಿಗೆ ಹೋದೆ? ಒಲೆ ಉರೀತಿತ್ತು, ಚಿಕ್ಕೋಳಿಗೆ ಜ್ವರ ಇತ್ತು. ಹುಚ್ಚಿ ಕೈಲಿ ಬಿಟ್ಟು ಹೋಗೋಕೆ ಭಯ ಆಗ್ಲಿಲ್ವಾ? ನಿನ್ನೆ ಆಗ್ಲಿಲ್ವಾ? ಇಷ್ಟು ವರ್ಷ ಆಗ್ಲಿಲ್ವಾ? ನಾನು ನಿನ್ನ ಮನೇಲಿದ್ದಾಗ ಬುದ್ಧಿವಂತೆ, ರೈಲು ಹತ್ತಿದ್ರೆ ಹುಚ್ಚಿ. ಇದ್ಯಾವ ಕಾಯಿಲೆನೋ ಮಗನೆ?”

ಅಧಿಕಾರಿ ಹಿಂದೆ ತಿರುಗಿದಳು. “ಇವತ್ತು ಬೆಳಿಗ್ಗೆ ಮಕ್ಕಳನ್ನ ಯಾರು ನೋಡ್ಕೊಂಡ್ರು ಸ್ವಾಮಿ?”

ವಿಟಾಲಿಯೆ ನೆಲ ನೋಡಿದ. “ಅಮ್ಮ.”

ಅಧಿಕಾರಿ ಅಗಾಫಿಯಾಳ ಪಾಸ್‌ಪೋರ್ಟಿಗೆ ಮೊಹರು ಒತ್ತಿ ಅವಳ ಕೈಗೇ ಕೊಟ್ಟಳು. “ಒಳ್ಳೇದಾಗ್ಲಿ ಅಜ್ಜಿ,” ಎಂದು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ವಿಟಾಲಿಯೆಗೆ ಕಾರಿಡಾರಿನ ಕಡೆ ಕೈ ತೋರಿಸಿದಳು. ಅವನು ಒಂದು ಕ್ಷಣ ನಿಂತ. ಅಮ್ಮ ಕರೆಯಲಿಲ್ಲ. ಹೋದ.

ಪ್ರೂತ್ ಸೇತುವೆಯ ಮೇಲೆ ರೈಲು ನಿಧಾನವಾಗಿ ಸಾಗಿತು. ಅಗಾಫಿಯಾ ಗೋಡೆಯ ಕಡೆ ಮುಖ ಮಾಡಿ ಅತ್ತಳು. ಬಿಕ್ಕದೆ, ಮೂಗು ಒರೆಸಿಕೊಳ್ಳುತ್ತ. ನಾನು ಬೆನ್ನ ಮೇಲೆ ಕೈಯಿಟ್ಟೆ.

“ವಾಪಸ್ ಹೋಗೋಣ ಅನ್ಸುತ್ತಾ ದೊಡ್ಡಮ್ಮ?”

“ಥೂ, ಅದ್ಯಾಕೆ? ಅಳ್ತಾನೇ ಮುಂದೆ ಹೋಗೋಕಾಗಲ್ವಾ?” ಎಂದಳು. ರುಮೇನಿಯಾ ಕಡೆಯ ತಪಾಸಣೆ ಮುಗಿಯುವಷ್ಟರಲ್ಲಿ ಮುಖ ತೊಳೆದು ಬಂದು ಮಲಗಿದಳು. ಗೊರಕೆಯೂ ಹೊಡೆದಳು.

ಬೆಳಿಗ್ಗೆ ಬುಕಾರೆಸ್ಟಿನ ಪ್ಲಾಟ್‌ಫಾರ್ಮಿನಲ್ಲಿ ಟ್ರಾಯಾನ್ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಕೈಯಲ್ಲಿ ಬಿಳಿ ಹೂ ಹಿಡಿದು ನಿಂತಿದ್ದ. ಪಕ್ಕದಲ್ಲಿ ಅವನ ಮಗಳು. ಐವತ್ತರ ಹೆಂಗಸು, ನಿಂಬೆಹಣ್ಣು ಕಚ್ಚಿದಂಥ ಮುಖ. ಅಗಾಫಿಯಾ ಹೂ ತೆಗೆದುಕೊಳ್ಳುವ ಮೊದಲು ಅವಳ ಮುಂದೆ ಹೋಗಿ ನಿಂತಳು.

“ನಿಂಗೂ ಇಷ್ಟ ಇಲ್ಲ ಅನ್ಸುತ್ತೆ. ಮನಸ್ಸಲ್ಲಿ ಏನಿದ್ರೂ ಈಗ್ಲೇ ಹೇಳ್ಬಿಡು ತಾಯಿ. ಒಬ್ರ ಹತ್ರ ಬೈಸ್ಕೊಂಡು ಬಂದಿದೀನಿ, ಇನ್ನೊಬ್ರ ಹತ್ರಾನೂ ಇವತ್ತೇ ಮುಗಿದುಹೋಗ್ಲಿ.”

ಮಗಳು ಕೈ ಚಾಚಿದಳು. “ಚೀಲ ಭಾರ ಇದೆ, ಕೊಡಿ,” ಎಂದಳು.

ಮದುವೆ ನಡೆದದ್ದು ಟ್ರಾಮ್ ಡಿಪೋದ ಹಿಂದಿನ ಪುಟ್ಟ ಚರ್ಚಿನಲ್ಲಿ. ನಮ್ಮಲ್ಲಿ ಮದುಮಕ್ಕಳಿಗೆ ಧರ್ಮದ ತಂದೆತಾಯಿ ಬೇಕು, ಮುಂದೆ ಜಗಳವಾದರೆ ಬುದ್ಧಿ ಹೇಳುವುದು ಅವರ ಕೆಲಸ. ಅಗಾಫಿಯಾ ನನ್ನನ್ನೂ ಸಿಮಿಯೋನನನ್ನೂ ನಿಲ್ಲಿಸಿದಳು. ನನಗಿಂತ ಹಿರಿಯಳಿಗೆ ನಾನು ಧರ್ಮದ ತಾಯಿ! ಮದುಮಕ್ಕಳ ತಲೆಗೆ ಕಿರೀಟ ಇಡುವಾಗ ಪಾದ್ರಿಗೇ ನಗು ಬಂತು.

ವಿಟಾಲಿಯೆ ಬರಲಿಲ್ಲ. ಚಳಿಗಾಲವೆಲ್ಲ ಫೋನೂ ಇಲ್ಲ. ಅಗಾಫಿಯಾ ವಾರಕ್ಕೊಮ್ಮೆ ಮಾಡುತ್ತಿದ್ದಳು, ಸೊಸೆ ಮಕ್ಕಳ ಕೈಗೆ ಕೊಡುತ್ತಿದ್ದಳು. ಮಂಜು ಕರಗುವ ಹೊತ್ತಿಗೆ ಒಂದು ದಿನ ಅವನೇ ಮಾಡಿದ. ಹಸು ಕರು ಹಾಕಿದೆ, ಹಾಲು ಬಿಡುತ್ತಿಲ್ಲ, ಏನು ಮಾಡಬೇಕು ಎಂದು ಕೇಳಿದ. ಹೇಳಿದಳು. ಕ್ಷಮೆಯ ಮಾತು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಬೇಸಿಗೆಯಲ್ಲಿ ಗಂಡಹೆಂಡತಿ ಹಳ್ಳಿಗೆ ಹೊರಟಾಗ ನನ್ನನ್ನೂ ಎಳೆದುಕೊಂಡು ಹೋದರು. ಬಸ್ಸಿಳಿದ ಕಡೆಯಿಂದ ತೋಟಗಳ ಹಿಂದೆ ಒಂದು ಕಾಲುದಾರಿ ಇತ್ತು, ಯಾರ ಕಣ್ಣಿಗೂ ಬೀಳದೆ ಹೋಗಬಹುದಿತ್ತು. ಅಗಾಫಿಯಾ ಟ್ರಾಯಾನನ ತೋಳಿಗೆ ತೋಳು ಹಾಕಿ ಊರ ನಡುವಿನ ಬೀದಿಯನ್ನೇ ಹಿಡಿದಳು. ಗೇಟುಗಳ ಮುಂದಿನ ಬೆಂಚುಗಳಲ್ಲಿ ಕೂತ ಮುದುಕಿಯರು ಕತ್ತು ಚಾಚಿ ನೋಡಿದರು. ಪ್ರತಿಯೊಬ್ಬಳನ್ನೂ ಹೆಸರು ಹಿಡಿದು ಕರೆದು, “ನನ್ನ ಗಂಡ, ಟ್ರಾಯಾನ್” ಎಂದು ಪರಿಚಯ ಮಾಡಿಸಿದಳು. ಒಬ್ಬಳನ್ನೂ ಬಿಡಲಿಲ್ಲ.

ಮನೆಯ ಗೇಟಿನಲ್ಲಿ ವಿಟಾಲಿಯೆ ನಿಂತಿದ್ದ. ಬನ್ನಿ ಎನ್ನಲಿಲ್ಲ. ಗೇಟು ಮುಚ್ಚಲೂ ಇಲ್ಲ.

“ಸರಿ ಪಕ್ಕಕ್ಕೆ,” ಎಂದಳು ಅಗಾಫಿಯಾ. “ಬಿಸಿಲಲ್ಲಿ ಬಂದಿದೀವಿ.”

ಅವನು ಸರಿದ.