ಗೌರಕ್ಕನಿಗೆ ಕಾಸಿದ ನೀರು

ಹಂಡೆಯ ಕೆಳಗೆ ಇನ್ನೆರಡು ತೆಂಗಿನ ಮಟ್ಟೆ ತುರುಕಿ ವಿಮಲಮ್ಮ ಹೊಗೆಗೆ ಮುಖ ತಿರುಗಿಸಿದಳು. ನೀರು ಕಾಯುತ್ತಿದ್ದದ್ದು ಊರಿನ ನರ್ಸಮ್ಮ ಚಿಕ್ಕಗೌರಮ್ಮನ, ಅವಳ ಪಾಲಿನ ಗೌರಕ್ಕನ, ಕೊನೆಯ ಸ್ನಾನಕ್ಕೆ. ನಿದ್ದೆಯಲ್ಲೇ ಜೀವ ಬಿಟ್ಟವಳನ್ನು ಜಗಲಿಯ ಮೇಲೆ ಗೋಡೆಗೊರಗಿಸಿ ಕೂರಿಸಿದ್ದರು. ಹೆಣ ಎತ್ತುವ ತನಕ ಬಿಳಿಗೆರೆಯ ಆ ಬೀದಿಯಲ್ಲಿ ಯಾರೂ ಒಲೆ ಹಚ್ಚುವ ಹಾಗಿಲ್ಲ. ಇಡೀ ಬೀದಿಗೆ ಬೆಂಕಿ ಅಂತ ಇದ್ದದ್ದು ಅಂಗಳದ ಈ ಮೂರು ಕಲ್ಲುಗಳ ನಡುವೆ ಮಾತ್ರ.

"ಬಿರ್‍ರನೆ ಕಾಸ್ರವ್ವಾ, ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬೇಕು," ಎಂದು ಊರಿನ ಹಿರಿಯ ಬಸವರಾಜಪ್ಪ ಗದರಿದ. ಮದುವೆಯಾಗಲಿ ಸಾವಾಗಲಿ, ಅವಸರ ಮಾಡುವುದು ಅವನ ಪಾಲಿನ ಕೆಲಸ.

ವಿಮಲಮ್ಮನಿಗೂ ಅವಸರವಿತ್ತು. ಮಣ್ಣು ಮುಗಿದ ಮೇಲೆ ಸಂಜೆಯ ಬಸ್ಸಿಗೆ ತುರುವೇಕೆರೆಯ ತಮ್ಮನ ಮನೆಗೆ ಹೊರಟವಳು ಅವಳು. ನರ್ಸಿನ ಕೆಲಸದ ಆಸೆ ಬಿಟ್ಟು, ತಮ್ಮನ ಹೆಂಡತಿಯ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿಕೊಂಡಿರುವುದೆಂದು ತೀರ್ಮಾನಿಸಿಯಾಗಿತ್ತು. ಇಪ್ಪತ್ತು ವರ್ಷ ದುಡಿದ ನರ್ಸಿಂಗ್ ಹೋಮು ಕೈ ಬದಲಾಗಿ, ಹೊಸಬರು ಹಳಬರನ್ನೆಲ್ಲ ಮನೆಗೆ ಕಳಿಸಿದ್ದರು. ಆಮೇಲೆ ಹತ್ತಿದ ಮೆಟ್ಟಿಲಲ್ಲೆಲ್ಲ ಕೇಳಿದ್ದು ವಯಸ್ಸೊಂದನ್ನೇ. ನಲವತ್ತೆಂಟು ಅಂದರೆ ಸಾಕು, ಎದುರಿನವರ ಮುಖ ಸಪ್ಪಗಾಗುತ್ತಿತ್ತು. ಕೊನೆಗೊಬ್ಬ, "ಈ ವಯಸ್ಸಲ್ಲಿ ಕೈ ನಡುಗಲ್ವೇನ್ರೀ?" ಎಂದು ಕೇಳಿಯೇಬಿಟ್ಟಿದ್ದ. ಅಂದಿನಿಂದ ಕಾಫಿ ಲೋಟ ಎತ್ತುವಾಗಲೂ ಅವಳು ತನ್ನ ಕೈಯನ್ನೇ ನೋಡಿಕೊಳ್ಳುವಂತಾಗಿತ್ತು.

*

ಗೌರಮ್ಮನಿಗೂ ಇದೇ ಮರ್ಯಾದೆ ಸಿಕ್ಕಿತ್ತು. ಸರ್ಕಾರಿ ಆಸ್ಪತ್ರೆಯಿಂದ ಐವತ್ತೈದಕ್ಕೆ ರಿಟೈರಾದವಳು ಇನ್ನೂ ಮೈಯಲ್ಲಿ ಕಸುವಿದೆಯೆಂದು ತಿಪಟೂರಿನ ಹೊಸ ನರ್ಸಿಂಗ್ ಹೋಮಿಗೆ ಹೋಗಿದ್ದಳು. ಮಾಲೀಕ ಕೊಬ್ಬರಿ ಮಂಡಿಯವರ ಮಗ.

"ನಮಗೆ ಚಿಕ್ಕ ವಯಸ್ಸಿನೋರು ಬೇಕು ಕಣ್ರೀ. ಚುರುಕಾಗಿ ಓಡಾಡ್ಬೇಕು."

"ನಿಮ್ಮಪ್ಪಾಜಿ ಮಂಡೀಲಿ ಏನ್ ಕೊಳ್ತಾರಪ್ಪ, ಎಳನೀರೋ ಕೊಬ್ಬರಿಯೋ?" ಅಂದಿದ್ದಳು ಗೌರಮ್ಮ. "ಕಾಯಿ ಅಟ್ಟದ ಮೇಲೆ ವರ್ಷ ಕುಂತ್ರೇನೇ ಕೊಬ್ಬರಿ ಆಗೋದು. ನಂದೂ ಹಂಗೇ ಅಂತ ತಿಳ್ಕೋ."

ಅವನು ಹೊಟ್ಟೆ ತುಂಬ ನಕ್ಕ. ಕಾಫಿ ತರಿಸಿದ. ಕೆಲಸ ಮಾತ್ರ ಕೊಡಲಿಲ್ಲ. ಗೌರಮ್ಮ ಈ ಕತೆ ಹೇಳಿದಾಗಲೆಲ್ಲ ಆ ಕಾಫಿಯ ರುಚಿ ಇನ್ನಷ್ಟು ಕೆಡುತ್ತಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತದ್ದನ್ನು ವಿಮಲಮ್ಮನೊಬ್ಬಳಿಗೇ ಹೇಳಿದ್ದಳು.

ಅತ್ತು ಮುಗಿದ ಮೇಲೆ ಬಿಳಿಗೆರೆಯ ತನ್ನಕ್ಕ ಹೊಂಬಾಳಮ್ಮನ ಮನೆಯ ಹೊರಕೋಣೆಯಲ್ಲಿದ್ದ ಕಾಯಿ ರಾಶಿ ತೆಗೆಸಿ, ಸುಣ್ಣ ಹೊಡೆಸಿ, ಮಂಚ ಹಾಕಿಸಿದಳು. ಸುತ್ತಲ ಹಳ್ಳಿಯವರು ಹೆರಿಗೆ, ಜ್ವರ, ಗಾಯ ಅಂತ ಗಾಡಿ ಕಟ್ಟಿಕೊಂಡು ಬರತೊಡಗಿದರು. ಕೈಮೀರಿದ್ದನ್ನು ತಾನೇ ಜೊತೆಗೆ ಕೂತು ದೊಡ್ಡಾಸ್ಪತ್ರೆಗೆ ಮುಟ್ಟಿಸುತ್ತಿದ್ದಳು.

ಹೋದ ತಿಂಗಳು ವಿಮಲಮ್ಮ ಬಂದು ಗೋಳು ತೋಡಿಕೊಂಡಾಗ, "ಇಲ್ಲಿಗೇ ಬಂದ್ಬುಡೇ, ಇಬ್ರೂ ಮಾಡಾಣ," ಅಂದಿದ್ದಳು.

"ನಾನೇನು ಸೂಲಗಿತ್ತಿಯೇನಕ್ಕ? ಯೂನಿಫಾರಂ ಹಾಕ್ಕೊಂಡು ದುಡಿದೋಳು ನಾನು!"

"ಯೂನಿಫಾರಂ ಹಾಕ್ಕೊಂಡೇ ಬಾ. ಯಾರ್ ಬ್ಯಾಡ ಅಂದೋರು?"

ವಿಮಲಮ್ಮ ಮುಖ ಊದಿಸಿಕೊಂಡು ಎದ್ದು ಹೋಗಿದ್ದಳು.

*

ತಮಟೆಯ ಸದ್ದಿನ ನಡುವೆಯೇ ಎತ್ತಿನ ಗಾಡಿಯೊಂದು ಬಂದು ನಿಂತಿತು. ಧುಮುಕಿದ ಹಾಲ್ಕುರಿಕೆಯ ಲಕ್ಕಯ್ಯ ಜಗಲಿ ನೋಡಿ ಕಲ್ಲಾಗಿ ನಿಂತ. ಗಾಡಿಯೊಳಗೆ ಅವನ ಹೆಂಡತಿ ಪುಟ್ಟಗಂಗಮ್ಮ ಹೆರಿಗೆ ನೋವಿನಲ್ಲಿ ಹಲ್ಲು ಕಚ್ಚಿ ನರಳುತ್ತಿದ್ದಳು.

"ನರ್ಸಮ್ಮೋರು..." ಅವನು ತಲೆಯ ಮೇಲಿನ ಟವೆಲು ಕೈಗೆ ತೆಗೆದುಕೊಂಡ.

"ಹೋಗ್ಬುಟ್ರು ಕಣಪ್ಪ," ಎಂದ ಬಸವರಾಜಪ್ಪ. "ಗಾಡಿ ತಿಪಟೂರಿಗೆ ಹೊಡಿ. ಸಾವಿನ ಮನೇಲಿ ಹೆರಿಗೆ ಮಾಡ್ಸಕ್ಕಾಯ್ತದಾ?"

ವಿಮಲಮ್ಮ ಗಾಡಿ ಹತ್ತಿ, ಹೆಂಗಸಿನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು. "ತಿಪಟೂರು ಮುಟ್ಟಲ್ಲ. ದಾರೀಲೇ ಆಗೋಗ್ತದೆ."

"ಮಾಡ್ಸೋರು ಯಾರವ್ರೆ ಇಲ್ಲಿ?" ಎಂದು ಬಸವರಾಜಪ್ಪ ಕೇಳಿದ.

ಎಲ್ಲರೂ ಜಗಲಿಯ ಕಡೆ ನೋಡಿದರು. ಒಬ್ಬರಾದರೂ ವಿಮಲಮ್ಮನ ಕಡೆ ತಿರುಗಲಿಲ್ಲ. ಅದು ಅವಳ ನೆತ್ತಿಗೇರಿತು.

"ನಾನಿಲ್ವಾ? ಇಷ್ಟು ವರ್ಷ ಇನ್ನೇನ್ ಮಾಡ್ಕೊಂಡ್ ಬಂದಿದ್ದೀನಿ? ಇಳಿಸ್ರೀ ಅವಳನ್ನ!"

ಹೊರಕೋಣೆಯ ಮಂಚಕ್ಕೆ ಪುಟ್ಟಗಂಗಮ್ಮನನ್ನು ಸೇರಿಸಿ, ಗೌರಮ್ಮನ ಕತ್ತರಿ ಕೈಗೆತ್ತಿಕೊಂಡು, "ಕುದಿಯೋ ನೀರು ತನ್ನಿ," ಎಂದು ಕೂಗಿದಳು. ಹೊರಗೆ ಯಾರೂ ಅಲುಗಲಿಲ್ಲ. ಕುದಿಯುವ ನೀರಿದ್ದದ್ದು ಒಂದೇ ಕಡೆ.

"ಹೆಣಕ್ಕೆ ಕಾಸಿದ ನೀರು ಕಣಮ್ಮ," ಬಸವರಾಜಪ್ಪನ ದನಿ ತಗ್ಗಿತ್ತು. "ಕೂಸಿಗೆ ಮುಟ್ಟಿಸ್ತಾರಾ?"

ಬೆಳಗಿನಿಂದ ತಂಗಿಯ ಪಕ್ಕ ಕೂತಿದ್ದ ಹೊಂಬಾಳಮ್ಮ ಎದ್ದಳು. ತಾನೇ ಹಂಡೆಗೆ ಬಿಂದಿಗೆ ಅದ್ದಿದಳು.

"ಅವಳಿಗಿನ್ನೇನು ಅವಸರ ಬಸವರಾಜಣ್ಣ? ಕಾಯ್ತಾಳೆ ಬುಡು. ಇದ್ದಿದ್ರೆ ನಿನ್ನ ಬೈದು ತಾನೇ ಹೊತ್ಕೊಂಡ್ ಹೋಗೋಳು. ನೀನು ಬಾವೀಲಿ ಬ್ಯಾರೆ ನೀರು ಸೇದ್ಸು."

ಬಸವರಾಜಪ್ಪ ತಮಟೆಯವರಿಗೆ ಸುಮ್ಮನಿರಲು ಕೈಸನ್ನೆ ಮಾಡಿ ಬಾವಿಯ ಕಡೆ ನಡೆದ.

ಮಗುವಿನ ತಲೆ ಕಂಡಿತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. "ಮುಕ್ಕಬ್ಯಾಡ ಕಣವ್ವ, ಒಂಚೂರು ತಡ್ಕೋ," ಎನ್ನುತ್ತ ವಿಮಲಮ್ಮ ಬೆರಳು ತೂರಿಸಿ ಸುತ್ತನ್ನು ತಲೆಯ ಮೇಲಿಂದ ಬಿಡಿಸಿದಳು. "ಹ್ಞಾ, ಈಗ ಮುಕ್ಕು." ಜಾರಿ ಬಂದ ಹೆಣ್ಣುಕೂಸು ಅಳಲಿಲ್ಲ. ಬಾಯಿ ಒರೆಸಿದಳು, ಬೆನ್ನು ಉಜ್ಜಿದಳು, ಮತ್ತೆ ಉಜ್ಜಿದಳು. ಆಮೇಲೆ ಕೂಸು ಅತ್ತಿತು ನೋಡಿ, ಬೀದಿಯ ಕೊನೆಯ ಮನೆಗೂ ಕೇಳಿಸಿತು.

ಕತ್ತರಿ ಕೆಳಗಿಟ್ಟಾಗಲಷ್ಟೇ ವಿಮಲಮ್ಮನಿಗೆ ಹೊಳೆದದ್ದು, ಇಷ್ಟು ಹೊತ್ತೂ ತನ್ನ ಕೈಯನ್ನು ನೋಡಿಕೊಳ್ಳುವುದನ್ನೇ ತಾನು ಮರೆತಿದ್ದೆನೆಂದು. ಸಂತೋಷಕ್ಕೂ ಗೌರಕ್ಕ ಇಲ್ಲವೆಂಬ ಸಂಕಟಕ್ಕೂ ಒಟ್ಟಿಗೇ ಅಳು ಬಂತು. ಕೂಸಿನ ಜೊತೆ ತಾನೂ ಅತ್ತಳು.

*

ಬೇರೆ ನೀರು ಕಾಯಿಸಿ ಗೌರಮ್ಮನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ ಎತ್ತುವಾಗ ಬಿಸಿಲು ತೆಂಗಿನ ತಲೆಗಳಿಗೆ ಏರಿತ್ತು. ಗಂಡಸರು ತೋಟದ ಕಡೆ ಹೊರಟರು. ಹೆಂಗಸರು ಮನೆ ಸಾರಿಸಲು ಉಳಿದರು. ಬೀದಿಯಲ್ಲಿ ಒಂದೊಂದೇ ಒಲೆ ಹೊಗೆಯಾಡತೊಡಗಿತು.

"ಬಸ್ಸು ತಪ್ತದಲ್ಲೇ ನಿಂಗೆ?" ಎಂದಳು ಹೊಂಬಾಳಮ್ಮ.

"ಹಸೀ ಬಾಣಂತಿ ಬಿಟ್ಟು ಎಲ್ಲಿಗೆ ಹೋಗ್ಲಕ್ಕ?" ವಿಮಲಮ್ಮ ಮುಖ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು.

ತೊಳೆದ ಜಗಲಿ ಇನ್ನೂ ಒದ್ದೆಯಿತ್ತು. ಅದರ ಅಂಚಿಗೆ ಕೆಮ್ಮುವ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಒಬ್ಬಳು ಕೂತಿದ್ದಳು. ಅವಳ ಪಕ್ಕದಲ್ಲಿ, ಮಣ್ಣಿಗೆ ಹೋಗಲಾರದ ಮುದುಕನೊಬ್ಬ ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚುತ್ತಿದ್ದ. ಗೇಟಿನ ಬಳಿ ಇನ್ನೊಬ್ಬಳು ತುಂಬುಬಸುರಿ ಒಳಗೆ ಬರಲೋ ಬೇಡವೋ ಎಂದು ನಿಂತಿದ್ದಳು.

ಮಗುವಿನ ತಾಯಿ ಒಂಚೂರು ಆಚೆ ಸರಿದು, ಆ ಬಸುರಿಗೂ ಜಾಗ ಮಾಡಿಕೊಟ್ಟಳು.