ಹಗ್ಗಜಗ್ಗಾಟದ ಲೋಡರ್

"ಎಣ್ಣೆ ಇಳಿಸೋ ಬೋಲ್ಟೇ ಇಲ್ವಲ್ಲೇ ಇದಕ್ಕೆ!" ಲೋಡರಿನ ಅಡಿಯಿಂದ ವಿಲ್ಫ್‌ನ ದನಿ ಬಂತು. ಹೊರಗೆ ಕಾಣುತ್ತಿದ್ದದ್ದು ಅವನ ಎರಡು ಬೂಟು ಮಾತ್ರ.

"ಸರಿಯಾಗಿ ನೋಡಿ, ವಿಲ್ಫ್ ಮಾಮ. ಮೂರು ಗಂಟೆಗೆ ಗುಜರಿ ಲಾರಿ ಬರುತ್ತೆ, ಎಣ್ಣೆ ಇಳಿಸದಿದ್ರೆ ಅವರು ಒಯ್ಯಲ್ಲ," ಎಂದಳು ಐರಿಸ್.

ಅವಳ ಅಪ್ಪ ಅರ್ನೆಸ್ಟ್ ಬ್ಯಾಗ್‌ಷಾ ಡರ್ಬಿಶೈರಿನ ಸುಣ್ಣಕಲ್ಲಿನ ಕ್ವಾರಿಯಲ್ಲಿ ಮೆಕ್ಯಾನಿಕ್ ಆಗಿದ್ದ. ಕಲ್ಲು ತುಂಬುವ ಆಗಿನ ಲೋಡರ್ ಎಂದರೆ ಟ್ರ್ಯಾಕ್ಟರನ್ನೇ ಹಿಂದುಮುಂದಾಗಿ ಓಡಿಸಿ, ದೊಡ್ಡ ಚಕ್ರಗಳ ಕಡೆ ಬಕೆಟ್ ಕಟ್ಟಿದ ಗಾಡಿ. ಕೆಸರಿನಲ್ಲಿ ಹೂತುಹೋಗುತ್ತಿದ್ದ ಅದರ ಚಿಕ್ಕ ಚಕ್ರಗಳಿಗೂ ಎಂಜಿನ್ನಿನ ಬಲ ಕೊಡಬೇಕೆಂದು ಅರ್ನೆಸ್ಟ್ ಹಳೆಯ ಮಿಲಿಟರಿ ಲಾರಿಯ ಚಕ್ರದ ಅಚ್ಚು, ಅಂದರೆ ಆಕ್ಸಲ್, ತಂದು, ಚಳಿಗಾಲವಿಡೀ ಹೆಣಗಿ ಜೋಡಿಸಿದ. ಟ್ರ್ಯಾಕ್ಟರ್ ಹಿಂದುಮುಂದಾಗಿ ಓಡುತ್ತದೆ ಎಂಬುದೊಂದನ್ನು ಮಾತ್ರ ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕ್ವಾರಿಯವರೆಲ್ಲ ನೋಡುತ್ತಿದ್ದಂತೆ ಕ್ಲಚ್ ಬಿಟ್ಟದ್ದೇ ತಡ, ದೊಡ್ಡ ಚಕ್ರಗಳು ಮುಂದಕ್ಕೆ, ಚಿಕ್ಕವು ಹಿಂದಕ್ಕೆ! ಗಾಡಿ ನಿಂತಲ್ಲೇ ನಡುಗಿ ಶಾಫ್ಟ್ ಮುರಿದುಕೊಂಡಿತು.

ಮೊದಲು ನಕ್ಕವನು ಅದೇ ಕ್ವಾರಿಯಲ್ಲಿ ಕೆಲಸಕ್ಕಿದ್ದ, ಆಗ ಇಪ್ಪತ್ತರ ಪ್ರಾಯದ ವಿಲ್ಫ್. 'ಹಗ್ಗಜಗ್ಗಾಟದ ಅರ್ನೆಸ್ಟ್' ಎಂದು ಹೆಸರಿಟ್ಟವನೂ ಅವನೇ. ಕ್ವಾರಿಯವರು ಗಾಡಿಯನ್ನು ಅರ್ನೆಸ್ಟನಿಗೇ ಕೊಟ್ಟು ಕೈತೊಳೆದುಕೊಂಡರು. ಹೆಸರು ಮಾತ್ರ ಸಾಯುವವರೆಗೂ ಬೆನ್ನು ಬಿಡಲಿಲ್ಲ. ಹೋದ ತಿಂಗಳು ಅವನನ್ನು ಮಣ್ಣು ಮಾಡಿ ಬಂದು ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುವಾಗಲೂ ಜನ ಅದನ್ನೇ ಹೇಳಿಕೊಂಡು ನಕ್ಕರು. ಐರಿಸ್‌ಗೆ ಮೈಯೆಲ್ಲ ಉರಿದಿತ್ತು. ಆದರೂ ಒಂದು ಕುತೂಹಲ ಅವಳನ್ನು ಕಾಡುತ್ತಿತ್ತು. ಅಷ್ಟು ವರ್ಷ ಸಂಜೆಹೊತ್ತು ಶೆಡ್ಡಿನ ಬಾಗಿಲು ಹಾಕಿಕೊಂಡು ಅಪ್ಪ ಏನು ಮಾಡುತ್ತಿದ್ದ? ಗಾಡಿಯ ತಪ್ಪು ಇವತ್ತಿಗೂ ಹಾಗೇ ಉಳಿದಿದ್ದರೆ ಲೋಡರ್ ಗುಜರಿಗೆ ಹೋಗಲಿ ಎಂದು ಅವಳು ತೀರ್ಮಾನಿಸಿದ್ದಳು.

ವಿಲ್ಫ್ ಏದುಸಿರು ಬಿಡುತ್ತ ಹೊರಬಂದು, ಚಿಕ್ಕ ಚಕ್ರಗಳ ಅಚ್ಚಿನ ಮೇಲಿನ ಗ್ರೀಸನ್ನು ಬೆರಳಿನಿಂದ ಕೆರೆದ. ಬೋಲ್ಟು ಅಲ್ಲಿತ್ತು.

"ನೋಡೇ! ಕೆಳಗಿರಬೇಕಾದ್ದು ಮೇಲಿದೆ. ಅಚ್ಚನ್ನೇ ತಲೆಕೆಳಗು ಮಾಡಿ ಕೂರಿಸಿದಾನೆ ಪುಣ್ಯಾತ್ಮ!" ಎಂದು ಗಹಗಹಿಸಿದ. ನಗು ಅರ್ಧಕ್ಕೇ ನಿಂತಿತು. "ತಡಿ ತಡಿ. ತಲೆಕೆಳಗು ಮಾಡಿದ್ರೆ ಚಕ್ರ ಉಲ್ಟಾ ತಿರುಗುತ್ತೆ."

"ಅಂದ್ರೆ?"

"ಉಲ್ಟಾದ್ದು ಮತ್ತೆ ಉಲ್ಟಾ ಆದ್ರೆ ಏನಾಗುತ್ತೆ? ಸೀಮೆಸುಣ್ಣ ತಗೊಂಬಾ, ಮರಿ."

ಗಾಡಿ ಅಪ್ಪ ಬಿಟ್ಟುಹೋದಂತೆ ದಿಮ್ಮಿಗಳ ಮೇಲಿತ್ತು, ನಾಲ್ಕು ಚಕ್ರವೂ ನೆಲ ಬಿಟ್ಟು. ಐರಿಸ್ ಪ್ರತಿ ಚಕ್ರದ ಮೇಲೂ ಒಂದೊಂದು ಗೆರೆ ಎಳೆದಳು. ಎಂಜಿನ್ ಕೈಯಲ್ಲಿ ಹಗುರವಾಗಿ ತಿರುಗಲೆಂದು ವಿಲ್ಫ್ ಸ್ಪಾರ್ಕ್ ಪ್ಲಗ್ ಬಿಚ್ಚಿ, ಗೇರ್ ಹಾಕಿ, ಎಂಜಿನ್ನಿನ ಹ್ಯಾಂಡಲ್ ತಿರುಗಿಸಿದ. ದೊಡ್ಡ ಚಕ್ರದ ಗೆರೆ ಬಕೆಟ್ಟಿನ ಕಡೆ ಬಾಗಿತು. ಅವಳು ಚಿಕ್ಕ ಚಕ್ರ ನೋಡಿದಳು. ಅದೂ ಅದೇ ಕಡೆ ಬಾಗಿತು.

"ನೀನು ತಿರುಗ್ಸು. ನಾನೂ ನೋಡ್ಬೇಕು," ಎಂದು ವಿಲ್ಫ್ ಹ್ಯಾಂಡಲ್ ಬಿಟ್ಟು ಬಂದ. ಬಹಳ ಹೊತ್ತು ನೋಡಿದ.

"ಸರಿ ಮಾಡಿಬಿಟ್ಟಿದ್ನಲ್ಲೇ! ಒಂದು ಮಾತು ಹೇಳಲಿಲ್ವಲ್ಲ ನಮಗೆ."

"ನೀವ್ಯಾರಾದ್ರೂ ಕೇಳಿದ್ರಾ?"

ಗೇಟಿನ ಹತ್ತಿರ ಲಾರಿ ಹಾರ್ನ್ ಮಾಡಿತು. ಐರಿಸ್ ಹ್ಯಾಂಡಲ್ ಬಿಡುವ ಮೊದಲೇ ವಿಲ್ಫ್ ಟೋಪಿ ಕೈಯಲ್ಲಿ ಹಿಡಿದು ಅಲ್ಲಿಗೆ ನಡೆದಿದ್ದ.

"ಯಾವ್ದಜ್ಜಾ, ಆ ಹಗ್ಗಜಗ್ಗಾಟದ್ದಾ?" ಡ್ರೈವರ್ ಕೇಳಿದ.

"ಅಂಥದ್ದು ಇಲ್ಲಿಲ್ಲ. ಇಲ್ಲಿರೋದು ಅರ್ನೆಸ್ಟ್ ಬ್ಯಾಗ್‌ಷಾ ಅವರ ಲೋಡರ್. ಕೊಡೋದಿಲ್ಲ."

ಶೆಡ್ಡಿನೊಳಗೆ ಐರಿಸ್ ಇನ್ನೂ ಹ್ಯಾಂಡಲ್ ತಿರುಗಿಸುತ್ತಲೇ ಇದ್ದಳು. ನಾಲ್ಕು ಬಿಳಿ ಗೆರೆಗಳು ಒಂದೇ ಕಡೆಗೆ ನಿಧಾನವಾಗಿ ಸುತ್ತುತ್ತಿದ್ದವು.