ಎಡದಂಚಿನ ಎಳೆಗಳು

ಮೂರನೆಯ ಸಲವೂ ಎಳೆ ಬೆರಳಿನಿಂದ ಜಾರಿತು. ಶಿವರತ್ನಮ್ಮ ಕಣ್ಣು ಕಿರಿದು ಮಾಡಿ, ಮಗ್ಗದ ಹಿಂದೆ ಇಳಿಬಿದ್ದಿದ್ದ ಹಳೆಯ ಹಾಸಿನ, ಅಂದರೆ ನೇಯ್ದು ಮುಗಿದ ಉದ್ದೆಳೆಗಳ, ತುದಿಯನ್ನು ಮತ್ತೆ ಹಿಡಿದಳು. ಹೊಸ ಹಾಸಿನ ಎಳೆಯನ್ನು ಅದಕ್ಕೆ ಜೋಡಿಸಿ, ಬೂದಿ ಮುಟ್ಟಿದ ಬೆರಳುಗಳ ನಡುವೆ ಒಮ್ಮೆ ಹೊಸೆದರೆ ಮುಗಿಯಿತು. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಇದನ್ನು ಕೆಚ್ಚುವುದು ಅನ್ನುತ್ತಾರೆ. ಒಂದು ರೇಷ್ಮೆ ಹಾಸಿನಲ್ಲಿ ನಾಲ್ಕು ಸಾವಿರಕ್ಕೂ ಮೇಲೆ ಎಳೆಗಳು. ಒಂದೊಂದನ್ನೂ ಹೀಗೆಯೇ ಹೊಸೆಯಬೇಕು. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ ಕೈ ಇವತ್ತು ಬೆಳಿಗ್ಗೆಯಿಂದ ಚಳಿಜ್ವರ ಬಂದವರ ಕೈಯಂತೆ ನಡುಗುತ್ತಿತ್ತು.

ಕಾರಣ ಅವಳಿಗೆ ಗೊತ್ತಿತ್ತು. ಐದು ಗಂಟೆಗೆ ನಲ್ಲಿಯಲ್ಲಿ ನೀರು ಬಂದಿತ್ತು. ಹದಿನಾಲ್ಕು ಬಿಂದಿಗೆ ಹಿಡಿದು, ಮಗಳ ಡಬ್ಬಿ ಕಟ್ಟಿ, ಮನೆ ಗುಡಿಸುವಷ್ಟರಲ್ಲಿ ಉಬ್ಬಸ ಎದೆಗೆ ಅಡರಿಕೊಂಡಿತ್ತು. ಬಾಯಿಗಿಟ್ಟು ಸೇದುವ ನೀಲಿ ಪಂಪನ್ನು ಎರಡು ಸಲ ಒತ್ತಿ ಸ್ವಲ್ಪ ಹೊತ್ತು ಕೂರಬೇಕು ಎಂದು ಡಾಕ್ಟರು ಹೇಳಿದ್ದರು. ಕೂರುವುದಕ್ಕೆ ಹೊತ್ತೆಲ್ಲಿದೆ? ಐದು ಸಲ ಒತ್ತಿಕೊಂಡು ಮಗ್ಗದ ಮನೆಗೆ ಓಡಿ ಬಂದಿದ್ದಳು. ಉಸಿರೇನೋ ಬಿಟ್ಟುಕೊಂಡಿತು, ಆದರೆ ಎದೆ ಡವಗುಟ್ಟತೊಡಗಿತು, ಕೈ ನಡುಕ ಹಿಡಿಯಿತು.

ದಿನಾ ತೆಗೆದುಕೊಳ್ಳಬೇಕಾದ ಕಂದು ಬಣ್ಣದ ಪಂಪು ಬೇರೆ ಇತ್ತು. ಅದನ್ನು ಸರಿಯಾಗಿ ತೆಗೆದುಕೊಂಡರೆ ನೀಲಿಯದು ಅಷ್ಟಾಗಿ ಬೇಕಾಗುವುದಿಲ್ಲ ಎಂದೂ ಡಾಕ್ಟರು ಹೇಳಿದ್ದರು. ಆದರೆ ಅದು ಗಂಟಲು ಕೂರಿಸಿ, ಬಾಯಲ್ಲಿ ಬಿಳಿ ಬೊಕ್ಕೆ ಎಬ್ಬಿಸಿತ್ತು. ಸೇದಿದ ಮೇಲೆ ಪ್ರತಿ ಸಲವೂ ಬಾಯಿ ಮುಕ್ಕಳಿಸಬೇಕಂತೆ. ಅದಕ್ಕೂ ಪುರುಸೊತ್ತಿಲ್ಲದ ಶಿವರತ್ನಮ್ಮ ಔಷಧಿಯನ್ನೇ ಬಿಟ್ಟು ಎರಡು ತಿಂಗಳಾಗಿತ್ತು. ಇಂಥ ಜಾಣತನವನ್ನು ಯಾರೂ ಕಲಿಸಬೇಕಾಗಿಲ್ಲ.

ಎಂದಿನಂತಾದರೆ ಕೆಚ್ಚಲು ಇಬ್ಬರು ಕೂರುತ್ತಿದ್ದರು. ಜೊತೆಗಾರ್ತಿ ರಂಗಮ್ಮ ತಂಗಿಯ ಮನೆ ಗೃಹಪ್ರವೇಶಕ್ಕೆಂದು ಹನೂರಿಗೆ ಹೋಗಿದ್ದಳು. ಆಚೆ ಬೀದಿಯ ಶಿವನಂಜಯ್ಯನ ಮಗ್ಗದಲ್ಲೂ ಹಾಸು ಮುಗಿದಿತ್ತು. ಯಾವಾಗ ಬರುತ್ತೀ ಎಂದು ಅವನು ಆಗಲೇ ನಾಲ್ಕು ಸಲ ಫೋನು ಮಾಡಿದ್ದ. ಇದೆಲ್ಲಕ್ಕಿಂತ ದೊಡ್ಡ ಚಿಂತೆ ಮಗ್ಗಗಳಿಗೆ ರೇಷ್ಮೆ ಕೊಡುವ ಸಾಹುಕಾರ ಮಲ್ಲಿಕಾರ್ಜುನಸ್ವಾಮಿಯದು. ಹಿಂದಿನ ಎರಡು ಹಾಸುಗಳಲ್ಲೂ ಅವಳು ಕೆಚ್ಚಿದ ಎಳೆಗಳು ಬಿಚ್ಚಿಕೊಂಡಿದ್ದವು. ಈ ಸಲವೂ ಹಾಗಾದರೆ ಮುಂದಿನ ಹಾಸಿನಿಂದ ಕೆಚ್ಚುವ ಮಷೀನು ತರಿಸುತ್ತೇನೆ ಎಂದು ಅವರು ಮುಖದ ಮೇಲೇ ಹೇಳಿ ಹೋಗಿದ್ದರು. ಸಂಜೆ ಐದಕ್ಕೆ ಖುದ್ದು ನೋಡಲು ಬರುವವರಿದ್ದರು.

ಎಡದಂಚಿನಿಂದ ಶುರುಮಾಡಿ ಹನ್ನೊಂದು ಗಂಟೆಗೆ ಆರುನೂರು ಎಳೆಯೂ ಆಗಿರಲಿಲ್ಲ. ಬೂದಿಯ ಘಾಟಿಗೆ ಮತ್ತೆ ಕೆಮ್ಮು ಬಂತು. ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮರೆಯಲ್ಲಿ ನಿಂತು ಸೊಂಟದಿಂದ ನೀಲಿ ಪಂಪು ತೆಗೆದಳು. ತಿರುಗಿದರೆ ಮಗ್ಗದ ಒಡೆಯ ಶಾಂತರಾಜು ಬಾಗಿಲಲ್ಲಿ ನಿಂತಿದ್ದ. ಅವಳಿಗಿಂತ ಎಂಟು ವರ್ಷ ಚಿಕ್ಕವನು, ಮಾತು ಕಮ್ಮಿ.

"ಬೆಳಿಗ್ಗಿಂದ ಎಷ್ಟು ಸರ್ತಿ ಆಯ್ತಕ್ಕ ಅದು?"

ಸುಳ್ಳು ಹೇಳಲು ಉಸಿರಿರಲಿಲ್ಲ. ಅವಳು ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು. ಬೆರಳುಗಳು ತಮ್ಮಷ್ಟಕ್ಕೆ ತಾವೇ ಕುಣಿಯುತ್ತಿದ್ದವು.

"ಔಷ್ದಿ ಮಾಡೋ ಕೆಲ್ಸ ಕಣಪ್ಪ. ಸೇದುದ್ರೆ ಕೈ ನಡುಗ್ತದೆ, ಸೇದ್ದೆ ಓದ್ರೆ ಉಸ್ರು ನಿಲ್ತದೆ. ಸಾವ್ಕಾರ್ರಿಗೆ ಏಳ್ಬ್ಯಾಡ."

ಅವನು ಒಳಗೆ ಹೋಗಿ ಪಂಚೆ ಎತ್ತಿ ಕಟ್ಟಿ, ಬೂದಿಯಲ್ಲಿ ಬೆರಳದ್ದಿ, ಹಾಸಿನ ಬಲದಂಚಿಗೆ ಚಕ್ಕಳಮಕ್ಕಳ ಹಾಕಿ ಕುಳಿತ.

ಆ ಬೀದಿಯಲ್ಲಿ ಗಂಡಸರು ನೇಯುತ್ತಾರೆ, ಹೆಂಗಸರು ಕೆಚ್ಚುತ್ತಾರೆ. ಯಾರು ಮಾಡಿದ ಕಟ್ಟಳೆಯೋ ಯಾರಿಗೂ ತಿಳಿಯದು, ಮುರಿದವರನ್ನಂತೂ ಯಾರೂ ಕಂಡಿರಲಿಲ್ಲ. ಶಾಂತರಾಜುವಿನ ತಾಯಿ ಚಿಕ್ಕಬಸಮ್ಮ ಒಲೆ ಮುಂದಿನಿಂದ ಎದ್ದು ಬಂದು, ಮಗ ಕುಳಿತ ಭಂಗಿ ನೋಡಿ ಬಾಗಿಲಲ್ಲೇ ನಿಂತಳು. ಆಮೇಲೆ ಅರ್ಧ ಗಂಟೆ ಅವಳ ಬಾಯಿ ನಿಲ್ಲಲಿಲ್ಲ. ತನ್ನ ಗಂಡ ಸಾಯುವ ತನಕ ಬೂದಿ ಮುಟ್ಟಿದವನಲ್ಲ ಎಂದಳು. ಬೀದಿಯವರು ಕಂಡರೆ ನಾಳೆಯಿಂದ ಕೈಗೆ ಬಳೆ ತೊಡಿಸುತ್ತಾರೆ ಎಂದಳು. ಮಗ ತಲೆಯೆತ್ತದೆ ಹೊಸೆಯುತ್ತಿದ್ದ. ಅಷ್ಟೆಲ್ಲ ಬೈಯುತ್ತಲೇ ಮುದುಕಿ ಒಂದು ಚೊಂಬು ಬಿಸಿನೀರು, ಒಂದು ಲೋಟ ಅಂಬಲಿ ತಂದು ಶಿವರತ್ನಮ್ಮನ ಮುಂದೆ ಕುಕ್ಕಿ, ಅಂಬಲಿ ಕುಡಿಯದೆ ಎದ್ದರೆ ನೋಡು ಎಂದು ಗದರಿದಳು.

ಶಿವರತ್ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಕುಳಿತಳು. ಕೆಲಸದ ಹೊತ್ತಿನಲ್ಲಿ ಹೀಗೆ ಸುಮ್ಮನೆ ಕುಳಿತು ಎಷ್ಟು ವರ್ಷವಾಗಿತ್ತೋ. ಅಂಬಲಿ ಬಿಸಿಯಾಗಿತ್ತು. ಎದೆಯ ಬಡಿತ ನಿಧಾನಕ್ಕೆ ಇಳಿಯಿತು. ಬಾಯಿ ಮುಕ್ಕಳಿಸುವುದಕ್ಕೆ ಹಿಡಿಯುವ ಹೊತ್ತು ಎಷ್ಟು ಎಂದು ಈಗ ಲೆಕ್ಕ ಹಾಕಿ ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು. ನಾಳೆಯಿಂದ ಕಂದು ಪಂಪು ಮತ್ತೆ ಶುರುಮಾಡಬೇಕು, ಭಾನುವಾರ ಡಾಕ್ಟರು ಸಿಗದಿದ್ದರೆ ಸೋಮವಾರವಾದರೂ ಹೋಗಿ ಬೈಸಿಕೊಂಡು ಬರಬೇಕು ಎಂದುಕೊಂಡಳು. ಒಳಗೆ ಒಬ್ಬ ಗಂಡಸು ತನ್ನ ಪಾಲಿನ ಕೆಲಸಕ್ಕೆ ಕುಳಿತಿದ್ದಾನೆ ಎಂಬುದು ನೆನಪಾದಾಗಲೆಲ್ಲ ತಿರುಗಿ ಬಾಗಿಲ ಕಡೆ ನೋಡುತ್ತಿದ್ದಳು.

ಹನ್ನೆರಡೂವರೆಗೆ ಕೈ ಹಿಡಿತಕ್ಕೆ ಬಂತು. ಹಾಸಿನ ಮುಂದೆ ಮರಳಿ ಕುಳಿತವಳೇ ಬಿಟ್ಟ ಜಾಗದಿಂದ ಶುರುಮಾಡಿದಳು. ಇಬ್ಬರೂ ಎರಡು ಕಡೆಯಿಂದ ಹೊಸೆಯುತ್ತ ಬಂದರು. ಶಾಂತರಾಜು ಒಂದು ಹೊಸೆಯುವಷ್ಟರಲ್ಲಿ ಅವಳು ಐದು ಮುಗಿಸುತ್ತಿದ್ದಳು. ಶಿವನಂಜಯ್ಯನ ಐದನೆಯ ಫೋನನ್ನು ಚಿಕ್ಕಬಸಮ್ಮನೇ ಎತ್ತಿಕೊಂಡು, ನಾಳೆ ಬೆಳಿಗ್ಗೆ ಬರುತ್ತಾಳೆ, ಅವಳೇನು ಮಷೀನಾ ಎಂದು ಕೇಳಿ ಇಟ್ಟುಬಿಟ್ಟಳು. ಐದಕ್ಕೆ ಹತ್ತು ನಿಮಿಷವಿದ್ದಾಗ ಕೊನೆಯ ಎಳೆ ಮುಗಿಯಿತು.

ಸಾಹುಕಾರರು ಸಮಯಕ್ಕೆ ಸರಿಯಾಗಿ ಬಂದು ಸ್ಟೂಲಿನ ಮೇಲೆ ಕುಳಿತರು. ಕೆಚ್ಚಿದ ಹಾಸನ್ನು ಈಗ ಮಗ್ಗದ ಬಾಚಣಿಗೆಯಂಥ ಹಣಿಗೆಯ ಹಲ್ಲುಗಳ ಸಂದಿಯಿಂದ ಮುಂದಕ್ಕೆ ಎಳೆಯಬೇಕು. ಹೊಸೆತ ಸಡಿಲವಿದ್ದ ಎಳೆಗಳು ಅಲ್ಲಿ ಬಿಚ್ಚಿಕೊಳ್ಳುತ್ತವೆ, ಮುಚ್ಚಿಡಲಾಗುವುದಿಲ್ಲ. ಶಾಂತರಾಜು ಮೆಲ್ಲಗೆ ಎಳೆದ. ಬಲಗಡೆ ಪಟಪಟನೆ ಎಳೆಗಳು ಜೋತುಬಿದ್ದವು. ಅದು ತಾನು ಕೆಚ್ಚಿದ್ದು ಎಂದು ಅವನು ಹೇಳಿದಾಗ ಸಾಹುಕಾರರು ನಂಬದೆ ಅವನ ಬೂದಿ ಬೆರಳು ನೋಡಿದರು, ನೋಡಿ ಹೊಟ್ಟೆ ಅಲುಗುವಂತೆ ನಕ್ಕರು. ನಡುಭಾಗವೆಲ್ಲ ಒಂದೂ ಬಿಡದೆ ದಾಟಿತು. ಆಮೇಲೆ ಎಡದಂಚಿನಲ್ಲಿ, ಒಂದೇ ಕಡೆ, ಆರು ಎಳೆಗಳು ಬಿಚ್ಚಿಕೊಂಡವು.

ಸಾಹುಕಾರರ ನಗು ನಿಂತಿತು. ಅವರು ಶಿವರತ್ನಮ್ಮನ ಕಡೆ ನೋಡಿದರು. ಬೆಳಿಗ್ಗೆ ಏಳು ಗಂಟೆಗೆ, ನಡುಗುವ ಕೈಯಲ್ಲಿ ಹೊಸೆದ ಎಳೆಗಳವು. ಅವಳು ಬಾಯಿ ತೆರೆದಳು.

"ಅದೂ ನಂದೇಯ ಸಾ," ಎಂದ ಶಾಂತರಾಜು. "ಅಕ್ಕ ಬರಕ್ಕೆ ಮುಂಚೆ ಕುಂತಿದ್ದೆ."

ಅವನು ಏಳಕ್ಕೆ ಇನ್ನೂ ಹೊದ್ದು ಮಲಗಿದ್ದ. ಅದು ಶಿವರತ್ನಮ್ಮನಿಗೆ ಗೊತ್ತು, ಎಬ್ಬಿಸಲು ಹೋಗಿ ಸೋತಿದ್ದ ಅವನ ತಾಯಿಗೂ ಗೊತ್ತು. ಸಾಹುಕಾರರು ಈಗ ಚಿಕ್ಕಬಸಮ್ಮನತ್ತ ತಿರುಗಿದರು. ಬೆಳಿಗ್ಗೆಯಿಂದ ಮಗನ ಮಾನ ಬೀದಿಗೆ ಬಿದ್ದಿತೆಂದು ಹಲುಬಿದ್ದ ಮುದುಕಿ ಸೆರಗು ಸರಿಮಾಡಿಕೊಂಡಳು.

"ಊಂ ಕಣ್ ಸಾ. ಬ್ಯಾಡ ಕಣ್ಲಾ ಅಂದೆ, ಕೇಳ್ನಿಲ್ಲ. ಎದ್ದೇಟ್ಗೆ ಕೆಚ್ಚಕ್ಕೆ ಕುಂತ್ಕಂಡ. ಇವ್ನಿಗೆ ಮೊದ್ಲಿಂದ್ಲೂ ಅದರ ಮ್ಯಾಲೆ ಆಸೆ."

ಇನ್ನು ಮೇಲೆ ಮಗ್ಗ ಬಿಟ್ಟು ಏಳಬೇಡ ಎಂದು ಸಾಹುಕಾರರು ಶಾಂತರಾಜುವಿಗೆ ಬುದ್ಧಿ ಹೇಳಿದರು. ಗುರುವಾರ ಬರುವ ಹಾಸನ್ನು ಶಿವರತ್ನಮ್ಮನೇ ಕೆಚ್ಚಲಿ ಎಂದು ಹೇಳಿ, ಚಪ್ಪಲಿ ಮೆಟ್ಟಿ ಹೊರಟುಹೋದರು.

ಶಿವರತ್ನಮ್ಮ ಎಡದಂಚಿಗೆ ಕುಳಿತು ಬೆರಳಿಗೆ ಬೂದಿ ಮುಟ್ಟಿಸಿದಳು. ಕಣ್ಣು ತುಂಬಿ ಎಳೆಗಳು ಒಂದಕ್ಕೆರಡಾಗಿ ಕಾಣುತ್ತಿದ್ದವು. ಚಿಕ್ಕಬಸಮ್ಮ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕುಳಿತು, ಜೋತುಬಿದ್ದ ಎಳೆಯೊಂದನ್ನು ಎತ್ತಿ ಅವಳ ಬೆರಳಿಗೆ ಕೊಟ್ಟಳು. ಅದನ್ನು ಹೊಸೆಯುವವರೆಗೆ ಕಾದು, ಇನ್ನೊಂದನ್ನು ಎತ್ತಿಕೊಟ್ಟಳು.